ಮೂರನೇ ಮಹಡಿಯಲ್ಲಿ ನಿಲ್ಲದ ಲಿಫ್ಟ್

ನನ್ನ ಅತ್ತಿಗೆ ಕೆಲಸ ಮಾಡುವ ಕಟ್ಟಡಕ್ಕೆ ನೆಲಮಹಡಿಯ ಮೇಲೆ ಏಳು ಮಹಡಿಗಳಿವೆ. ಅಲ್ಲಿ ಯಾರೂ ವಾಸವಿಲ್ಲ, ಯಾವ ಕಚೇರಿಯೂ ಇಲ್ಲ. ಪ್ರತಿ ಮಹಡಿಯಲ್ಲಿ ಒಂದು ಲಿಫ್ಟಿನ ಬಾಗಿಲು, ಒಂದು ಗುಂಡಿ, ಒಂದು ಟ್ಯೂಬ್‌ಲೈಟು, ನಿಲ್ಲುವುದಕ್ಕೆ ಎರಡು ಮೀಟರ್ ಸಿಮೆಂಟು ನೆಲ, ಅಷ್ಟೇ. ಲಿಫ್ಟ್ ತಯಾರಿಸುವ ಕಂಪನಿಯ ಪರೀಕ್ಷಾ ಗೋಪುರ ಅದು. ಅದರ ಕಾಯಂ ಪ್ರಯಾಣಿಕರೆಂದರೆ ಇಪ್ಪತ್ತೈದು ಕಿಲೋ ತೂಗುವ ಮರಳಿನ ಚೀಲಗಳು.

“ನನ್ನ ಸೊಸೆ ದಿನವಿಡೀ ಮರಳಿಗೆ ಸವಾರಿ ಮಾಡಿಸ್ತಾಳೆ,” ಎಂದು ನಮ್ಮಮ್ಮ ಮನೆಗೆ ಬಂದವರಿಗೆಲ್ಲ ಹೇಳುವುದುಂಟು. “ನನ್ನನ್ನ ಮಾತ್ರ ಒಂದಿನ ಎಲ್ಲೂ ಕರ್ಕೊಂಡು ಹೋಗಲ್ಲ.”

ಲಿಫ್ಟನ್ನು ನಡೆಸುವುದು ಒಂದು ಸಣ್ಣ ಕಂಪ್ಯೂಟರ್. ಯಾವಾಗ ಹೊರಡಬೇಕು, ಯಾರ ಕರೆಗೆ ಮೊದಲು ಓಗೊಡಬೇಕು, ಎಲ್ಲಿ ಬ್ರೇಕು ಹಿಡಿಯಲು ಶುರುಮಾಡಬೇಕು ಎನ್ನುವುದನ್ನೆಲ್ಲ ಅದಕ್ಕೆ ಹೇಳಿಕೊಡುವ ಪ್ರೋಗ್ರಾಂ ಬರೆಯುವವರು ಅಂಗಳದ ಆಚೆಯ ಗಾಜಿನ ಕಟ್ಟಡದಲ್ಲಿ ಕೂರುತ್ತಾರೆ. ಅವರು ಬರೆದದ್ದು ಜನ ಓಡಾಡುವ ಲಿಫ್ಟಿಗೆ ಹೋಗುವ ಮೊದಲು ಗೋಪುರಕ್ಕೆ ಬರುತ್ತದೆ. ಅತ್ತಿಗೆ ಅದನ್ನು ಕೆಡಿಸಲು ನೋಡುತ್ತಾರೆ. ಕೆಟ್ಟರೆ ಒಂದು ಚೀಟಿ ಬರೆದು ವಾಪಸು ಕಳಿಸುತ್ತಾರೆ: ಎಷ್ಟು ಭಾರ ಇತ್ತು, ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು, ಇಪ್ಪತ್ತು ಸಲ ಓಡಿಸಿದಾಗ ಎಷ್ಟು ಸಲ ಕೆಟ್ಟಿತು. ಚೀಟಿಯಲ್ಲಿ ‘ಬಹುಶಃ’ ಎಂಬ ಪದ ಇರುವುದಿಲ್ಲ. ಬಹುಶಃ ಎನಿಸಿದರೆ ಇನ್ನೂ ಇಪ್ಪತ್ತು ಸಲ ಓಡಿಸುತ್ತಾರೆ.

ಈ ಕೆಲಸಕ್ಕೆ ಅವರು ಸೇರಿದ್ದು ಗುತ್ತಿಗೆಯ ಮೇಲೆ. ಹನ್ನೊಂದು ತಿಂಗಳಿಗೊಂದು ಕಾಗದ, ನಡುವೆ ಒಂದು ತಿಂಗಳು ಮನೆ, ಮತ್ತೆ ಹೊಸ ಕಾಗದ. ಹೀಗೆ ಒಂಬತ್ತು ಕಾಗದಗಳಾಗಿದ್ದವು. ಗೋಪುರದಲ್ಲಿ ಅವರ ಜೊತೆಗಾರರೆಂದರೆ ಒಬ್ಬ ಮೇಸ್ತ್ರಿ ಮಾತ್ರ. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿ, ಗ್ರೀಸಿನ ಕಲೆಯನ್ನು ಮಚ್ಚೆಯ ಹಾಗೆ ಒಪ್ಪಿಕೊಂಡುಬಿಟ್ಟ ಮನುಷ್ಯ.

ನಾಲ್ಕು ವರ್ಷದ ಹಿಂದೆ ಕಂಪನಿಗೆ ಹೊಸ ನೇಮಕಾತಿ ಸಾಹೇಬರು ಬಂದರು. ಅದಕ್ಕೆ ಮೊದಲು ಅವರು ಬಿಸ್ಕತ್ತಿನ ಕಾರ್ಖಾನೆಯೊಂದಕ್ಕೆ ಜನರನ್ನು ಆರಿಸುತ್ತಿದ್ದರು. ಕೆಟ್ಟವರಲ್ಲ. ಯಾರನ್ನೂ ಗದರಿದವರಲ್ಲ. ಆದರೆ ಅಳೆಯಲು ಬಂದದ್ದೇ ಗುಣ ಎಂದು ಅವರ ನಂಬಿಕೆ. ಕುತ್ತಿಗೆಯಲ್ಲಿ ಒಂದು ಸ್ಟಾಪ್‌ವಾಚ್ ತೂಗುತ್ತಿತ್ತು. ಬಂದವರೇ ಒಂದು ಹೊರಗಿನ ಸಂಸ್ಥೆಯಿಂದ ಪರೀಕ್ಷೆ ತರಿಸಿದರು. ಬ್ಯಾಂಕಿಗೆ, ಆಸ್ಪತ್ರೆಗೆ, ಬೂಟಿನ ಅಂಗಡಿಗೆ, ಎಲ್ಲರಿಗೂ ಪ್ರಶ್ನೆಪತ್ರಿಕೆ ಮಾಡಿಕೊಡುವ ಸಂಸ್ಥೆ ಅದು. ನಲವತ್ತು ನಿಮಿಷಕ್ಕೆ ನಲವತ್ತು ಒಗಟು. ಪ್ರೋಗ್ರಾಂ ಬರೆಯುವವರನ್ನು ಇನ್ನು ಮುಂದೆ ಇದರಿಂದಲೇ ಆರಿಸುವುದು ಎಂದಾಯಿತು. ಮರುವರ್ಷ ನಿಯಮ ಗುತ್ತಿಗೆಯವರಿಗೂ ಬಂತು. ಕಾಯಂ ಆಗಬೇಕಾದರೆ ಪಾಸಾಗಬೇಕು, ಅವಕಾಶ ಮೂರು ಸಲ, ಮೂರನೆಯ ಸಲವೂ ತಪ್ಪಿದರೆ ಹೊಸ ಕಾಗದ ಇಲ್ಲ.

ಒಗಟುಗಳು ಪ್ರತಿ ವರ್ಷ ಬದಲಾಗುತ್ತಿದ್ದವು, ಒಂದನ್ನು ಬಿಟ್ಟು. ‘ನಮ್ಮದು ಲಿಫ್ಟ್ ಕಂಪನಿ, ಲಿಫ್ಟಿನ ಮೇಲೂ ಒಂದು ಪ್ರಶ್ನೆ ಇರಲಿ’ ಎಂದು ಸಾಹೇಬರು ಕೇಳಿದ್ದರಿಂದ ಸೇರಿದ್ದು ಇಪ್ಪತ್ಮೂರನೆಯ ಪ್ರಶ್ನೆ. ಅದು ಕಡ್ಡಾಯ. ಅದಕ್ಕೆ ತಪ್ಪು ಬರೆದವರ ಉಳಿದ ಉತ್ತರಗಳನ್ನು ನೋಡುವುದೇ ಇಲ್ಲ. ಪ್ರಶ್ನೆ ಇಷ್ಟು:

‘ಒಂದು ಲಿಫ್ಟ್ ನೆಲಮಹಡಿಯಿಂದ ಏಳನೇ ಮಹಡಿಗೆ ಹೊರಟಿದೆ. ಮೂರನೇ ಮಹಡಿ ಇನ್ನು ಅರ್ಧ ಮೀಟರ್ ಇರುವಾಗ, ಅಲ್ಲಿ ಒಬ್ಬರು ಮೇಲಕ್ಕೆ ಹೋಗುವ ಗುಂಡಿಯನ್ನು ಒತ್ತುತ್ತಾರೆ. ಲಿಫ್ಟ್ ಮೊದಲು ಎಲ್ಲಿ ನಿಲ್ಲುತ್ತದೆ?’

ಅತ್ತಿಗೆ ಏಳು ಎಂದು ಬರೆದರು. ಅವರಿಗೆ ಅದು ಒಗಟೇ ಆಗಿರಲಿಲ್ಲ, ದಿನಾ ಕಣ್ಣಾರೆ ಕಾಣುವ ಸಂಗತಿ. ಗೋಪುರದ ಲಿಫ್ಟ್ ಸೆಕೆಂಡಿಗೆ ಒಂದು ಮೀಟರ್ ಅರವತ್ತು ಸೆಂಟಿಮೀಟರ್ ಓಡುತ್ತದೆ. ಒಳಗಿದ್ದವರು ಮುಗ್ಗರಿಸದ ಹಾಗೆ ನಿಲ್ಲಲು ಅದಕ್ಕೆ ಬೇಕಾಗುವ ದೂರವೂ ಹೆಚ್ಚುಕಡಿಮೆ ಅಷ್ಟೇ. ಅರ್ಧ ಮೀಟರಿನಲ್ಲಿ ಅದು ನಿಲ್ಲಲಾರದು. ಏಳಕ್ಕೆ ಹೋಗಿ, ವಾಪಸು ಬಂದು, ಮೂರರಲ್ಲಿ ಕಾಯುತ್ತಿರುವವರನ್ನು ಹತ್ತಿಸಿಕೊಳ್ಳುತ್ತದೆ. ಗುಂಡಿ ಒತ್ತಿದರೂ ಕಣ್ಣೆದುರೇ ದಾಟಿಹೋಯಿತಲ್ಲ ಎಂದು ನಾವೆಲ್ಲ ಲಿಫ್ಟನ್ನು ಒಂದಲ್ಲ ಒಂದು ಸಲ ಬೈದಿದ್ದೇವೆ.

ಮೊದಲ ವರ್ಷ ಅನುತ್ತೀರ್ಣ. ಯಾಕೆಂದು ಕೇಳಿದರೆ ‘ಉತ್ತರಗಳು ಗೌಪ್ಯ’ ಎಂದರು. ಎರಡನೆಯ ವರ್ಷವೂ ಅದೇ.

ಗುಟ್ಟು ಗೊತ್ತಾದದ್ದು ಆಮೇಲೆ, ‘ನಲವತ್ತು’ ಎಂಬಾತನಿಂದ. ಅದು ಹೆಸರಲ್ಲ. ನಲವತ್ತಕ್ಕೆ ನಲವತ್ತು ತೆಗೆದವನೆಂದು ಗಾಜಿನ ಕಟ್ಟಡದವರು ಕೊಟ್ಟ ಬಿರುದು. ತಿಳಿಹಾಸ್ಯದ, ಚುರುಕು ಬುದ್ಧಿಯ ತರುಣ. ಎರಡು ವರ್ಷದಿಂದ ಲಿಫ್ಟಿಗೆ ಪ್ರೋಗ್ರಾಂ ಬರೆಯುತ್ತಿದ್ದ, ಆದರೆ ಲಿಫ್ಟ್ ಓಡುವ ಬಾವಿಯನ್ನು ಒಂದು ದಿನವೂ ಇಣುಕಿರಲಿಲ್ಲ. ತಪ್ಪು ಅವನದಲ್ಲ. ಅವರ ಕೋಣೆಯ ಗೋಡೆಗೆ ಒಂದು ದೊಡ್ಡ ಪರದೆ ಇತ್ತು. ಯಾರು ಎಷ್ಟು ಕೆಲಸ ಮುಗಿಸಿದರು ಎಂಬ ಅಂಕಿ ಅದರ ಮೇಲೆ ಗಳಿಗೆಗೊಮ್ಮೆ ಬದಲಾಗುತ್ತಿತ್ತು. ಗೋಪುರಕ್ಕೆ ಹೋಗಿಬರಲು ಅರ್ಧ ಗಂಟೆ ಕಳೆದವನ ಅಂಕಿ ಇಳಿಯುತ್ತಿತ್ತು. ಹಾಗಾಗಿ ಯಾರೂ ಹೋಗುತ್ತಿರಲಿಲ್ಲ.

ಅವನ ಪ್ರೋಗ್ರಾಮೊಂದನ್ನು ಅತ್ತಿಗೆ ಹನ್ನೆರಡನೆಯ ಸಲ ವಾಪಸು ಕಳಿಸಿದಾಗ ಫೋನು ಮಾಡಿದ.

“ಅಕ್ಕಾ, ಹೋಗೋ ದಾರೀಲಿ ಯಾರಾದ್ರೂ ಕರೆದ್ರೆ ನಿಂತು ಹತ್ತಿಸ್ಕೋಬೇಕು ತಾನೇ? ಹಾಗೇ ಬರೆದಿದೀನಿ. ಏನು ತಪ್ಪು?”

“ಎಷ್ಟು ದೂರದಿಂದ ಕರೆದ್ರೆ?”

“ಅದೇನು, ದೂರದ್ದು ಬೇರೆ ಲೆಕ್ಕ ಇದೆಯಾ?”

ಅತ್ತಿಗೆ ಕೇಳಿದರು: “ಪರೀಕ್ಷೇಲಿ ಇಪ್ಪತ್ಮೂರನೇದಕ್ಕೆ ಏನು ಬರೆದೆ?”

“ಮೂರು. ಎಲ್ರೂ ಅದೇ ಬರೆಯೋದು, ಒಗಟಿನ ಪುಸ್ತಕದಲ್ಲೇ ಇದೆಯಲ್ಲ.” ಅವನಿಗೂ ಆಗ ಹೊಳೆಯಿತು. “ಅಯ್ಯೋ, ನೀವು ಮೂರು ಬರೀಲಿಲ್ವಾ? ಅದಕ್ಕೇ ಎರಡು ಸಲ ಹೋಯ್ತು! ಈ ಸಲ ಸುಮ್ನೆ ಮೂರು ಅಂತ ಬರ್ದುಬಿಡಿ ಅಕ್ಕಾ.”

ಅಂದು ಅತ್ತಿಗೆಗೆ ಒಟ್ಟು ಚಿತ್ರ ಕಂಡಿತು. ಏಳು ಎಂದು ಬರೆದವರೆಲ್ಲ ಬಾಗಿಲಲ್ಲೇ ಹೊರಗೆ, ಮೂರು ಎಂದವರೆಲ್ಲ ಒಳಗೆ. ನಾಲ್ಕು ವರ್ಷ ಜರಡಿ ಹಿಡಿದು ಕಾಳನ್ನು ಚೆಲ್ಲಿ ಹೊಟ್ಟು ಉಳಿಸಿಕೊಂಡಿದ್ದರು. ಹೊಸದಾಗಿ ಸೇರಿದವರಲ್ಲಿ ಲಿಫ್ಟಿಗೆ ನಿಲ್ಲಲು ಜಾಗ ಬೇಕೆಂದು ತಿಳಿದವರು ಒಬ್ಬರೂ ಇರದ ಹಾಗೆ ಪರೀಕ್ಷೆಯೇ ನೋಡಿಕೊಂಡಿತ್ತು. ಅದು ಗೊತ್ತಿದ್ದ ಕೊನೆಯ ಹಳೆಯ ಪ್ರೋಗ್ರಾಮರ್ ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ಇನ್ನು ಉಳಿದ ತಡೆಯೆಂದರೆ ಗೋಪುರದ ಚೀಟಿ ಒಂದೇ.

ಮೂರನೆಯ ಪರೀಕ್ಷೆಗೆ ಎರಡು ದಿನ ಇರುವಾಗ, ಒಂದು ಭಾನುವಾರ ಬೆಳಿಗ್ಗೆ, ನಮ್ಮ ಅಡುಗೆಮನೆಯಲ್ಲಿ ಇದೇ ಚರ್ಚೆ. ಅಮ್ಮ ಸೊಪ್ಪು ಬಿಡಿಸುತ್ತಿದ್ದರು. ಕನ್ನಡಕದ ಅಂಗಡಿ ಇಟ್ಟಿರುವ ನಮ್ಮಣ್ಣ ಯಾರದೋ ಫ್ರೇಮಿನ ಕಾಲು ಬಿಗಿ ಮಾಡುತ್ತಿದ್ದ.

“ಒಂದೇ ಒಂದು ಅಂಕಿ ಕಣೇ,” ಎಂದರು ಅಮ್ಮ. “ಏಳರ ಬದಲು ಮೂರು. ಕೈ ಸವೆದುಹೋಗುತ್ತಾ?”

“ಅತ್ತೆ, ನಾನೇ ಮೂರು ಅಂತ ಬರೆದು ಪಾಸಾದೆ ಅಂದ್ಕೊಳ್ಳಿ. ಮಾರನೇ ದಿನ ಅದೇ ಪ್ರೋಗ್ರಾಂ ನನ್ನ ಮೇಜಿಗೆ ಬರುತ್ತೆ. ಯಾವ ಮುಖ ಇಟ್ಕೊಂಡು ವಾಪಸ್ ಕಳಿಸ್ಲಿ? ‘ನೀವೇ ಬರೆದಿದೀರಲ್ಲ ಅಕ್ಕಾ’ ಅಂತಾರೆ.”

“ಅನ್ನಲಿ ಬಿಡು. ಅಂದಿದ್ದು ಮೈಗೆ ಅಂಟುತ್ತಾ?”

“ಲಿಫ್ಟ್ ಒಳಗೆ ನೀನಿದ್ರೆ ಅಂಟುತ್ತೆ,” ಎಂದ ಅಣ್ಣ, ತಲೆ ಎತ್ತದೆ.

“ನಾನ್ಯಾಕೆ ಲಿಫ್ಟಲ್ಲಿರ್ತೀನೋ? ನಂಗೆ ಮೊಣಕಾಲು ನೋವು, ನಾನು ಎಲ್ಲೂ ಹತ್ತಲ್ಲ ಇಳಿಯಲ್ಲ.”

“ಮೊಣಕಾಲು ನೋವಿದ್ದೋರೇ ಅಮ್ಮಾ ಲಿಫ್ಟಲ್ಲಿರೋದು.”

ಅಮ್ಮ ಒಂದು ಕಡ್ಡಿ ಸೊಪ್ಪನ್ನು ತಿರುಗಿಸಿ ತಿರುಗಿಸಿ ನೋಡಿದರು. “ಹಾಗಾದ್ರೆ ಏನು ಬರೀಬೇಕೋ ಅದನ್ನೇ ಬರಿ,” ಎಂದರು. “ಆದ್ರೆ ಕೆಲಸ ಹೋಯ್ತು ಅಂತ ಬಂದು ನನ್ನ ಮುಂದೆ ಮುಖ ಸಣ್ಣ ಮಾಡ್ಕೊಂಡು ಕೂತ್ಕೋಬೇಡ. ನಂಗೆ ಅದು ನೋಡೋಕಾಗಲ್ಲ.”

ಕೆಲಸ ಹೋದರೆ ಏನಾಗುತ್ತದೆಂದು ನಮಗೆಲ್ಲ ಗೊತ್ತಿತ್ತು. ಅತ್ತಿಗೆಗೆ ನಲವತ್ನಾಲ್ಕು. ಸುತ್ತಮುತ್ತ ಇನ್ನೊಂದು ಗೋಪುರ ಇರಲಿಲ್ಲ. ಅಣ್ಣನ ಅಂಗಡಿಯಲ್ಲಿ ಕನ್ನಡಕ ಒರೆಸಿ ಕೊಡುತ್ತ ಕೂರಬೇಕಿತ್ತು. ಅಣ್ಣ ಸಂತೋಷವಾಗಿಯೇ ಕೂರಿಸಿಕೊಳ್ಳುತ್ತಿದ್ದ, ಅದೇ ಅವರಿಗೆ ಹೆಚ್ಚು ದುಃಖದ ವಿಷಯ.

ಅತ್ತಿಗೆ ಏಳು ಎಂದೇ ಬರೆದರು. ಹಾಳೆಯ ಹಿಂದೆ ವೇಗ, ದೂರ, ಬ್ರೇಕಿನ ಲೆಕ್ಕವನ್ನು ಆರು ಸಾಲಿನಲ್ಲಿ ಬರೆದು ಕೆಳಗೆ ಗೆರೆ ಎಳೆದರು. ಹತ್ತನೆಯ ದಿನ ‘ಅನುತ್ತೀರ್ಣ, ಮೂರನೆಯ ಅವಕಾಶ ಮುಗಿದಿದೆ’ ಎಂಬ ಪತ್ರ ಬಂತು. ಅವರ ಒಂಬತ್ತನೆಯ ಕಾಗದ ಮುಗಿಯಲು ಹದಿನೆಂಟು ದಿನ ಬಾಕಿ ಇತ್ತು.

ಪತ್ರದ ಬೆನ್ನಿಗೆ ಸಣ್ಣ ಅಕ್ಷರದಲ್ಲಿ ನಿಯಮಗಳಿದ್ದವು. ಯಾರೂ ಓದದ ಆ ಭಾಗವನ್ನು ಓದುವುದೇ ಅತ್ತಿಗೆಯ ಕಸುಬಾದ್ದರಿಂದ ಓದಿದರು. ಉತ್ತರದ ಬಗ್ಗೆ ತಕರಾರಿದ್ದರೆ ಮೂರು ದಿನದೊಳಗೆ ಲಿಖಿತವಾಗಿ ಕೊಡಬಹುದು, ಕೊಟ್ಟರೆ ಮುಖ್ಯಸ್ಥರ ಸಮ್ಮುಖದಲ್ಲಿ ಪರಿಶೀಲಿಸತಕ್ಕದ್ದು. ಅವರ ಅರ್ಜಿಯ ಪ್ರತಿಯನ್ನು ನಾನು ನೋಡಿದ್ದೇನೆ. ಅದರಲ್ಲಿ ಇದ್ದದ್ದು ಒಂದೇ ವಾಕ್ಯ: ‘ಇಪ್ಪತ್ಮೂರನೆಯ ಪ್ರಶ್ನೆಯ ಉತ್ತರವನ್ನು ಲಿಫ್ಟನ್ನೇ ಕೇಳಬೇಕಾಗಿ ವಿನಂತಿ.’

ಮುಂದಿನದನ್ನು ನಾನು ಕಂಡಿಲ್ಲ. ಅತ್ತಿಗೆಯೂ ಮೇಸ್ತ್ರಿಯೂ ಬೇರೆ ಬೇರೆಯಾಗಿ ಹೇಳಿದ್ದನ್ನು ಹೋಲಿಸಿ, ಎರಡರಲ್ಲೂ ಇದ್ದದ್ದನ್ನಷ್ಟೇ ಬರೆಯುತ್ತಿದ್ದೇನೆ.

ಬುಧವಾರ ಹತ್ತು ಗಂಟೆಗೆ ಗೋಪುರಕ್ಕೆ ನಾಲ್ವರು ಬಂದರು. ನೇಮಕಾತಿ ಸಾಹೇಬರು, ಪ್ರಶ್ನೆಪತ್ರಿಕೆ ಸಂಸ್ಥೆಯ ಪರೀಕ್ಷಕರು, ಕಂಪನಿಯ ಮುಖ್ಯಸ್ಥೆಯಾದ ದೊಡ್ಡ ಮೇಡಂ, ಮತ್ತು ಸಾಹೇಬರು ತಮ್ಮ ಕಡೆಯ ಜಾಣನೆಂದು ಕರೆತಂದ ನಲವತ್ತು. ಪರೀಕ್ಷಕರು ಬಿಳಿ ಅಂಗಿ ತೊಟ್ಟಿದ್ದರು. ಮೇಸ್ತ್ರಿ ಅವರನ್ನು ನೋಡಿ, “ಸಾರ್, ಯಾವ್ದಕ್ಕೂ ಒರಗಬೇಡಿ, ಇಲ್ಲಿ ಗೋಡೆಗೂ ಗ್ರೀಸು,” ಎಂದರು.

ಅತ್ತಿಗೆ ಬಾವಿಯೊಳಗೆ, ಮೂರನೆಯ ಮಹಡಿಗೆ ಸರಿಯಾಗಿ ಅರ್ಧ ಮೀಟರ್ ಕೆಳಗೆ, ಒಂದು ಸಣ್ಣ ಸ್ವಿಚ್ಚು ಕೂರಿಸಿದ್ದರು. ಲಿಫ್ಟಿನ ತಳ ಅಲ್ಲಿಗೆ ಬಂದ ಕ್ಷಣ ಮೂರನೆಯ ಮಹಡಿಯ ಗುಂಡಿ ತಾನೇ ಒತ್ತಿದಂತಾಗುತ್ತಿತ್ತು.

“ಮೇಸ್ತ್ರಿಯೇ ನಿಂತು ಒತ್ತಬಹುದಿತ್ತಲ್ಲ?” ಎಂದರು ಸಾಹೇಬರು.

“ಮನುಷ್ಯರ ಕೈ ಕಾಲು ಸೆಕೆಂಡು ತಡ ಮಾಡುತ್ತೆ ಸಾರ್. ಅಷ್ಟರಲ್ಲಿ ಲಿಫ್ಟ್ ನಲವತ್ತು ಸೆಂಟಿಮೀಟರ್ ಹೋಗಿರುತ್ತೆ. ಆಮೇಲೆ ಅರ್ಧ ಮೀಟರ್ ಅಲ್ಲ ಅಂತ ನೀವೇ ಹೇಳ್ತೀರಿ.”

ಮೇಸ್ತ್ರಿ ಮೆಟ್ಟಿಲು ಹತ್ತಿ ಮೂರನೆಯ ಮಹಡಿಗೆ ಹೋದರು, ಉಳಿದವರೆಲ್ಲ ಲಿಫ್ಟಿನೊಳಗೆ ಹೋದರು. ಅತ್ತಿಗೆ ಏಳು ಒತ್ತಿದರು. ಒಂದು, ಎರಡು. ಮೂರರ ದೀಪ ಹೊತ್ತಿತು, ಕರೆ ಬಂದಿದೆ ಎಂದರ್ಥ. ಲಿಫ್ಟ್ ಮೂರನ್ನು ದಾಟಿತು. ನಾಲ್ಕು, ಐದು, ಆರು. ಏಳರಲ್ಲಿ ನಿಂತು ಬಾಗಿಲು ತೆರೆಯಿತು. ಸ್ವಲ್ಪ ಹೊತ್ತಿಗೆ ಮುಚ್ಚಿಕೊಂಡು ಮೂರಕ್ಕೆ ಇಳಿಯಿತು. ಅಲ್ಲಿ ಮೇಸ್ತ್ರಿ ನಿಂತಿದ್ದರು.

“ಬಹಳ ಹೊತ್ತಾಯ್ತು ಸಾರ್ ಕಾಯ್ತಾ,” ಎಂದರು.

ಪರೀಕ್ಷಕರು ಗಂಟಲು ಸರಿಮಾಡಿಕೊಂಡರು. “ಈ ಲಿಫ್ಟಲ್ಲೇ ಏನೋ ದೋಷ ಇರಬೇಕು. ಮಾದರಿ ಉತ್ತರ ಮೂರು ಅಂತ ಸ್ಪಷ್ಟವಾಗಿದೆ.”

“ಲಿಫ್ಟಿಗೆ ಮಾದರಿ ಉತ್ತರ ಕೊಟ್ಟಿಲ್ಲ ಸಾರ್, ಗೌಪ್ಯ ಅಂದ್ರಲ್ಲ,” ಎಂದರು ಮೇಸ್ತ್ರಿ. ದೊಡ್ಡ ಮೇಡಂ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ಇಬ್ಬರೂ ನನಗೆ ಹೇಳಿದ್ದಾರೆ.

ಅತ್ತಿಗೆ ನಗಲಿಲ್ಲ. ಇನ್ನೂ ಒಂಬತ್ತು ಸಲ ಓಡಿಸಿದರು. ಹತ್ತಕ್ಕೆ ಹತ್ತು ಸಲ ಲಿಫ್ಟ್ ಏಳಕ್ಕೇ ಹೋಯಿತು.

ಸಾಹೇಬರ ಹತ್ತಿರ ಇನ್ನೊಂದು ವಾದವಿತ್ತು. “ಇದು ಹಳೇ ಪ್ರೋಗ್ರಾಂ. ಹೊಸದ್ರಲ್ಲಿ ಮೂರರಲ್ಲಿ ನಿಲ್ಲುತ್ತೆ, ಅಲ್ವಾ?” ಎಂದು ನಲವತ್ತಿನ ಕಡೆ ತಿರುಗಿದರು. “ಅದನ್ನೇ ಇವರು ಹದಿನಾಲ್ಕು ಸಲ ವಾಪಸ್ ಕಳಿಸಿರೋದು. ಗೋಡೆ ಪರದೆ ಮೇಲೆ ಇಡೀ ತಂಡದ ವೇಗ ಬಿದ್ದಿರೋದು ಇವರಿಂದ.”

“ಹಾಕೋಣ ಸಾರ್,” ಎಂದರು ಅತ್ತಿಗೆ. “ಆದ್ರೆ ಎಲ್ರೂ ಹೊರಗೆ ಬನ್ನಿ.”

ಲಿಫ್ಟಿನೊಳಗೆ ಆರು ಮರಳು ಚೀಲಗಳನ್ನು ಒಂದರ ಮೇಲೊಂದು ಪೇರಿಸಿದರು. ನೆಲದ ಮೇಲೆ ಒಂದು ಲೋಟ ನೀರು. ನೆಲಮಹಡಿಯಲ್ಲಿ ನಿಂತು ಒಳಗಿನ ಕ್ಯಾಮೆರಾದ ಚಿತ್ರವನ್ನು ಎಲ್ಲರೂ ನೋಡಿದರು. ಲಿಫ್ಟ್ ಹೊರಟಿತು. ಮೂರರ ಹತ್ತಿರ ಬ್ರೇಕು ಒಮ್ಮೆಲೇ ಕಚ್ಚಿಹಿಡಿಯಿತು. ಬಾವಿಯ ಉದ್ದಕ್ಕೂ ಒಂದು ಕಿರುಚು ಇಳಿದು ಬಂತು. ಪರದೆಯಲ್ಲಿ ಲೋಟ ಉರುಳಿತು, ಮೇಲಿನ ಎರಡು ಚೀಲ ಜಾರಿ ಬಿದ್ದವು. ಲಿಫ್ಟ್ ಮೂರನೆಯ ಮಹಡಿಯನ್ನು ದಾಟಿ ಮೂವತ್ತು ಸೆಂಟಿಮೀಟರ್ ಮೇಲೆ ನಿಂತಿತು. ಬಾಗಿಲು ತೆರೆಯಲಿಲ್ಲ.

“ಒಳಗೆ ಜನ ಇದ್ದಿದ್ರೆ?” ಎಂದು ದೊಡ್ಡ ಮೇಡಂ ಕೇಳಿದರು.

ನಲವತ್ತು ಹೇಳಿದ: “ಬೀಳ್ತಿದ್ರು ಮೇಡಂ. ಬಿದ್ದ ಮೇಲೆ ಹೊರಗೆ ಬರೋಕೂ ಆಗ್ತಿರ್ಲಿಲ್ಲ. ಇದನ್ನ ನಾನೇ ಬರೆದಿದ್ದು.” ಆಮೇಲೆ ಅತ್ತಿಗೆಯ ಕಡೆ ತಿರುಗಿ, “ಹದಿನಾಲ್ಕು ಚೀಟೀಲೂ ನೀವು ಇದನ್ನೇ ಬರೆದಿದ್ರಿ ಅಕ್ಕಾ. ನಾನು ಅಂಕಿ ನೋಡಿದೆ, ಲಿಫ್ಟ್ ನೋಡ್ಲಿಲ್ಲ,” ಎಂದ.

ಸಾಹೇಬರ ಎದುರಿಗೇ ಹಾಗೆ ಹೇಳಲು ಧೈರ್ಯ ಬೇಕು. ಅತ್ತಿಗೆ ಅವನನ್ನು ಅಂದಿನಿಂದ ಮೆಚ್ಚುತ್ತಾರೆ.

ದೊಡ್ಡ ಮೇಡಂ ಸಾಹೇಬರನ್ನು ಒಂದೇ ಪ್ರಶ್ನೆ ಕೇಳಿದರು: “ಏಳು ಅಂತ ಬರೆದೋರು ಇವರೊಬ್ರೇನಾ?”

ಅದು ಯಾರಿಗೂ ಗೊತ್ತಿರಲಿಲ್ಲ. ನಾಲ್ಕು ವರ್ಷದ ಉತ್ತರಪತ್ರಿಕೆಗಳು ಒಂದು ಕಬ್ಬಿಣದ ಬೀರುವಿನಲ್ಲಿದ್ದವು. ಮಧ್ಯಾಹ್ನವೆಲ್ಲ ಕುಳಿತು ಇಪ್ಪತ್ಮೂರನೆಯ ಉತ್ತರವನ್ನಷ್ಟೇ ಎಣಿಸಿದರು. ಒಟ್ಟು ಇನ್ನೂರ ಹನ್ನೆರಡು ಪತ್ರಿಕೆ. ನೂರ ಎಂಬತ್ತಾರರಲ್ಲಿ ಮೂರು ಎಂದಿತ್ತು. ಹತ್ತೊಂಬತ್ತರಲ್ಲಿ ಏಳು. ಉಳಿದ ಏಳು ಪತ್ರಿಕೆಗಳಲ್ಲಿ ಏನೇನೋ ಇತ್ತು, ಒಬ್ಬರು ‘ಮೆಟ್ಟಿಲು ಹತ್ತುವುದು ವಾಸಿ’ ಎಂದು ಬರೆದಿದ್ದರು. ಆ ಹತ್ತೊಂಬತ್ತರಲ್ಲಿ ಮೂರು ಅತ್ತಿಗೆಯವೇ. ಲಿಫ್ಟನ್ನು ಬಲ್ಲ ಹದಿನಾರು ಜನ ಈ ಕಂಪನಿಯ ಬಾಗಿಲು ತಟ್ಟಿ, ತಮ್ಮ ತಪ್ಪೇನೆಂದು ತಿಳಿಯದೆ ವಾಪಸು ಹೋಗಿದ್ದರು.

ಅತ್ತಿಗೆಯ ಉಳಿದ ಉತ್ತರಗಳನ್ನು ಅಂದೇ ತಿದ್ದಿದರು. ಮೂರು ವರ್ಷವೂ ಅವರು ಪಾಸಾಗಿದ್ದರು.

ಎರಡು ದಿನಕ್ಕೆ ಕಾಯಂ ನೇಮಕದ ಪತ್ರ ಬಂತು. ಅತ್ತಿಗೆ ಅದನ್ನೂ ಹಿಂದುಮುಂದು ಓದಿ ವಾಪಸು ಕಳಿಸಿದರು. ಜೊತೆಗೊಂದು ಚೀಟಿ: ‘ದೋಷ: ನಾಲ್ಕನೆಯ ಸಾಲು. ಒಂದು ವರ್ಷದೊಳಗೆ ಪ್ರವೇಶ ಪರೀಕ್ಷೆಯಲ್ಲಿ ಉತ್ತೀರ್ಣರಾಗತಕ್ಕದ್ದು ಎಂದಿದೆ. ಈಗಾಗಲೇ ಮೂರು ಸಲ ಆಗಿದೆ.’ ಅಮ್ಮ ಹಣೆ ಚಚ್ಚಿಕೊಂಡರು. “ಕೈಗೆ ಬಂದಿದ್ದನ್ನ ಯಾರಾದ್ರೂ ವಾಪಸ್ ಕಳಿಸ್ತಾರೇನೇ ಮಹಾತಾಯಿ!” ತಿದ್ದಿದ ಪತ್ರವನ್ನು ಸಾಹೇಬರೇ ಅಂಗಳ ದಾಟಿ ಗೋಪುರಕ್ಕೆ ತಂದುಕೊಟ್ಟರು. ಮೇಸ್ತ್ರಿಯ ಬೆನ್ನನ್ನೇ ಮೇಜು ಮಾಡಿಕೊಂಡು ಅತ್ತಿಗೆ ಸಹಿ ಹಾಕಿದರು.

ದೊಡ್ಡ ಮೇಡಂ ಅವರನ್ನು ನೇಮಕಾತಿಗೂ ಜವಾಬ್ದಾರರನ್ನಾಗಿ ಮಾಡಿದರು. ಅತ್ತಿಗೆ ಒಪ್ಪಿದರು, ಆದರೆ ಕಚೇರಿಯ ಕೋಣೆ ಬೇಡ ಎಂದರು. ಈಗ ಪರೀಕ್ಷೆ ನಡೆಯುವುದು ಗೋಪುರದಲ್ಲಿ. ಲಿಫ್ಟಿನಲ್ಲಿ ಬೇಕೆಂದೇ ಒಂದು ದೋಷ ಇಟ್ಟಿರುತ್ತಾರೆ, ಬಂದವರಿಗೆ ಅರ್ಧ ದಿನ ಕೊಡುತ್ತಾರೆ. ಮೇಸ್ತ್ರಿಯನ್ನು ಎಷ್ಟು ಪ್ರಶ್ನೆ ಬೇಕಾದರೂ ಕೇಳಬಹುದು. ಗೋಡೆಯ ಪರದೆ ಇಳಿದಿದೆ. ಪ್ರೋಗ್ರಾಂ ಬರೆಯುವವರೆಲ್ಲ ವಾರಕ್ಕೊಂದು ದಿನ ಗೋಪುರದಲ್ಲಿ ಚೀಲ ಹೊರುತ್ತಾರೆ. ನಲವತ್ತು ತನ್ನ ಪ್ರೋಗ್ರಾಮನ್ನು ಅಲ್ಲೇ ಕುಳಿತು ತಿದ್ದಿದ. ಹದಿನೇಳನೆಯ ಸಲ ಅದು ಪಾಸಾಯಿತು.

ವಾಪಸು ಹೋಗಿದ್ದ ಹದಿನಾರು ಜನರಿಗೂ ಅತ್ತಿಗೆ ತಾವೇ ಪತ್ರ ಬರೆದರು. ಒಂಬತ್ತು ಮಂದಿ ಬಂದರು. ಮೊದಲ ದಿನ ಬಂದಾಕೆ ಹೊಲಿಗೆ ಯಂತ್ರ ರಿಪೇರಿಯ ಅಂಗಡಿಯಲ್ಲಿ ಹಗಲು ಕೆಲಸ ಮಾಡುತ್ತ, ಬಿಡುವಿನಲ್ಲಿ ಪ್ರೋಗ್ರಾಂ ಬರೆಯಲು ಕಲಿತವರು. ಒಂದು ಗಂಟೆಯಾದರೂ ಅವರು ಕಂಪ್ಯೂಟರಿನ ಯಾವ ಕೀಲಿಯನ್ನೂ ಮುಟ್ಟಲಿಲ್ಲ. ಬಾಗಿಲು ಎಷ್ಟು ತೂಗುತ್ತದೆ, ಈ ತಂತಿ ಎಲ್ಲಿಗೆ ಹೋಗುತ್ತದೆ, ಕರೆಂಟು ಹೋದರೆ ಏನಾಗುತ್ತದೆ ಎಂದು ಮೇಸ್ತ್ರಿಯನ್ನು ಬೆನ್ನುಬಿಡದೆ ಕೇಳಿದರು. ಸಾಹೇಬರು ಅಭ್ಯಾಸಬಲದಿಂದ ಸ್ಟಾಪ್‌ವಾಚ್ ಎತ್ತಿದರು.

“ಒಂದು ಗಂಟೆ ನಾಲ್ಕು ನಿಮಿಷ ಆಯ್ತು. ಬರ್ಕೊಳ್ಲಾ?”

“ಸಮಯ ಬೇಡ ಸಾರ್,” ಎಂದರು ಅತ್ತಿಗೆ. “ಏನೇನು ಕೇಳಿದ್ರು, ಅದನ್ನ ಬರ್ಕೊಳ್ಳಿ.”

ಸಾಹೇಬರು ಸ್ಟಾಪ್‌ವಾಚನ್ನು ಅಂಗಿಯ ಜೇಬಿಗೆ ಇಳಿಬಿಟ್ಟು, ಒಂದು ಮರಳು ಚೀಲದ ಮೇಲೆ ಕುಳಿತು, ಬರೆಯತೊಡಗಿದರು. ಊಟದ ಹೊತ್ತಿಗೆ ಮೂರು ಪುಟವಾಗಿತ್ತು. ಮೂರನೆಯ ಪುಟದಲ್ಲಿ ಅವರ ಸ್ವಂತದ್ದೂ ಎರಡು ಪ್ರಶ್ನೆಗಳಿದ್ದವು.